ಪೈಲೋನಿಡಲ್ ಅಂದ್ರೆ ಪೈಲ್ಸ್ ಅಲ್ಲ: ಒಂದು ಸ್ಪಷ್ಟನೆ

"ಪೈಲೋನಿಡಲ್ ಅಂದ್ರೆ ಒಂಥರಾ ಪೈಲ್ಸ್. ಆಪರೇಷನ್ ಆದ್ರೆ ಗಾಯ ತೆರೆದೇ ಬಿಡಬೇಕು, ಎರಡು ತಿಂಗಳು ಡ್ರೆಸ್ಸಿಂಗ್." ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ವಾಟ್ಸಾಪ್‌ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮಾತು ಸರಿಯಲ್ಲ.

ಪೈಲೋನಿಡಲ್ ಅಂದ್ರೆ ಬಾಲದೆಲುಬಿನ ಹತ್ತಿರ ಕೂದಲು ಚರ್ಮದೊಳಗೆ ಹೊಕ್ಕು ಆಗುವ ಸುರಂಗ. ಎರಡನೇ ಮಹಾಯುದ್ಧದಲ್ಲಿ ಜೀಪಿನಲ್ಲಿ ಓಡಾಡುತ್ತಿದ್ದ ಅಮೆರಿಕದ ಸೈನಿಕರನ್ನು ಕಾಡಿ 'ಜೀಪ್ ಕಾಯಿಲೆ' ಎನಿಸಿಕೊಂಡಿತ್ತು. (ಆಗುಂಬೆ ಘಾಟಿಯ ಜೀಪ್ ಡ್ರೈವರುಗಳು ಸುಮ್ನೆ ಗಾಬರಿಯಾಗಬೇಡಿ!)

ಗಾಯ ತೆರೆದು ಬಿಡುವುದು ಒಂದು ದಾರಿ, ಅಷ್ಟೇ. ಕೀವು ತುಂಬಿದ್ದರೆ ಮೊದಲು ಕೊಯ್ದು ಹೊರಹಾಕುತ್ತಾರೆ. ಸುರಂಗ ಸಣ್ಣದಾದರೆ ಚರ್ಮದ ಮೇಲಿನ ತೂತುಗಳನ್ನಷ್ಟೇ ತೆಗೆಯಬಹುದು. ದೊಡ್ಡದಾದರೆ ಲಿಂಬರ್ಗ್ ಫ್ಲ್ಯಾಪ್: ಗಾಳಿಪಟದ ಆಕಾರದಲ್ಲಿ ಕತ್ತರಿಸಿ, ಪಕ್ಕದ ಚರ್ಮವನ್ನು ತಿರುಗಿಸಿ ಮುಚ್ಚುತ್ತಾರೆ. ಕರಿಡಾಕಿಸ್ ವಿಧಾನದಲ್ಲಿ ಹೊಲಿಗೆ ಪೃಷ್ಠದ ನಡುಗೆರೆಯಿಂದ ಪಕ್ಕಕ್ಕೆ ಸರಿಯುತ್ತದೆ. ನಡುವೆಯೇ ಹೊಲಿದರೆ ಕಾಯಿಲೆ ಮರಳುವುದು ಜಾಸ್ತಿ. ಲೇಸರ್ ಕೂಡ ಇದೆ, ಆದರೆ ಮತ್ತೆ ಬರಲ್ಲ ಅನ್ನೋ ಗ್ಯಾರಂಟಿ ಅದಕ್ಕೂ ಇಲ್ಲ.