ಎರಡು ತುಂಬಿದ ಮಗುವಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಬೇಕು

ತಮಿಳುನಾಡಿನಲ್ಲಿ ನೆಲೆಸಿ, ಊರಿಗೆ ಹೋದಾಗಲೆಲ್ಲ ಕರ್ನಾಟಕದ ಅಂಗನವಾಡಿಗಳನ್ನೂ ಗಮನಿಸುತ್ತ ಬಂದಿರುವ ನನಗೆ, ಎರಡೂ ಕಡೆಯ ಪೌಷ್ಟಿಕ ಆಹಾರ ಯೋಜನೆಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಒಂದೇ: ಮಗು ಯಾವ ವಯಸ್ಸಿಗೆ ಬಿಸಿಯೂಟಕ್ಕೆ ಕೂರುತ್ತದೆ ಎಂಬುದು.

ಕರ್ನಾಟಕದ ಶ್ರಮವನ್ನು ಕಡಿಮೆಯೆಂದು ಹೇಳುವವನು ನಾನಲ್ಲ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಮೊದಲು ಕಾಲಿಟ್ಟ ಕೆಲವೇ ಸ್ಥಳಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. 2013ರಿಂದ ಕ್ಷೀರಭಾಗ್ಯದ ಹಾಲು ಬಂದಿದೆ, ಮೊಟ್ಟೆಯೂ ಬಂದಿದೆ. ಆದರೆ ಅಂಗನವಾಡಿಯಲ್ಲೇ ಉಣ್ಣುವ ಭಾಗ್ಯ ಮೂರು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಮಗುವಿನ ಪಾಲು ಪೊಟ್ಟಣದಲ್ಲಿ ಮನೆಗೆ ಹೋಗುತ್ತದೆ. ಆ ಹಿಟ್ಟನ್ನು ಹುರಿದು ಉಂಡೆ ಕಟ್ಟಿದ ದಿನ ಅಣ್ಣನಿಗೊಂದು, ಅಕ್ಕನಿಗೊಂದು, ಆಡಲು ಬಂದ ಪಕ್ಕದ ಮನೆಯ ಮಗುವಿಗೊಂದು ಕೊಡದೆ ಯಾವ ತಾಯಿಗೂ ಮನಸ್ಸು ತಡೆಯುವುದಿಲ್ಲ. ದಿನಕ್ಕೆ 500 ಕಿಲೊಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂದು 2013ರ ಆಹಾರ ಭದ್ರತಾ ಕಾಯ್ದೆ ನಿಗದಿಪಡಿಸಿದ ಪಾಲು ಹೀಗೆ ಮನೆಮಂದಿಯಲ್ಲಿ ಹಂಚಿಹೋಗುತ್ತದೆ.

ತಮಿಳುನಾಡಿನಲ್ಲಿ ಎಂ.ಜಿ. ರಾಮಚಂದ್ರನ್ ಅವರ ಸರ್ಕಾರ 1982ರ ಜುಲೈ 1ರಂದು ಆರಂಭಿಸಿದ ಯೋಜನೆ ಎರಡು ತುಂಬಿದ ಮಗುವನ್ನೇ ಊಟಕ್ಕೆ ಕೂರಿಸಿತು. ಅದಕ್ಕೂ ಮೊದಲು, 1980ರಲ್ಲಿ, ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದು ಮೂರು ವರ್ಷದೊಳಗಿನ ಮಕ್ಕಳನ್ನು ತಿಂಗಳು ತಿಂಗಳೂ ತೂಗಿ, ತೂಕ ಏರದ ಮಕ್ಕಳನ್ನು ಆರಿಸಿ ಪೂರಕ ಆಹಾರ ಕೊಡುವ ಕ್ರಮವನ್ನು ಹಳ್ಳಿಗಳಲ್ಲಿ ರೂಢಿಸಿತ್ತು. ಬೆಳವಣಿಗೆ ಕುಂಠಿತವಾಗುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲೇ ಆದ್ದರಿಂದ ಈ ಎಚ್ಚರಕ್ಕೆ ಬಹಳ ಬೆಲೆಯಿದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಕರ್ನಾಟಕದಲ್ಲಿ ಶೇ. 35.4, ತಮಿಳುನಾಡಿನಲ್ಲಿ ಶೇ. 25. ಈ ಅಂತರವೆಲ್ಲ ಊಟದಿಂದಲೇ ಬಂದದ್ದಲ್ಲ. ತಾಯಂದಿರ ಓದು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪಾಲೂ ಅದರಲ್ಲಿದೆ. ರಕ್ತಹೀನತೆಯಲ್ಲಂತೂ ತಮಿಳುನಾಡೂ ಬೀಗುವಂತಿಲ್ಲ, ಅಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಇದೆ.

ಗರ್ಭಿಣಿಯರ ವಿಷಯದಲ್ಲೂ ದಾರಿ ಬೇರೆ. ತಮಿಳುನಾಡು ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರಿನ ಯೋಜನೆಯಡಿ ಹಣವನ್ನೂ ಪೌಷ್ಟಿಕ ಆಹಾರದ ಕಿಟ್ಟನ್ನೂ ತಾಯಿಗೆ ತಲುಪಿಸಿದರೆ, 2017ರಲ್ಲಿ ಆರಂಭವಾದ ನಮ್ಮ ಮಾತೃಪೂರ್ಣ ಯೋಜನೆ ಆಕೆಯೇ ಅಂಗನವಾಡಿಗೆ ಬಂದು ಉಣ್ಣಬೇಕೆಂದಿತು. ಎದುರಿಗೇ ಕೂತು ಉಂಡ ಊಟ ಆಕೆಯ ಹೊಟ್ಟೆಗೇ ಸೇರುತ್ತದೆ ಎಂಬ ಆಲೋಚನೆಯನ್ನು ನಾನು ಮೆಚ್ಚುತ್ತೇನೆ. ಆದರೆ ತೋಟದ ಮನೆಯಲ್ಲಿರುವ ತುಂಬು ಗರ್ಭಿಣಿ ಬಿಸಿಲಲ್ಲಿ ದಿನವೂ ಅಷ್ಟು ದೂರ ನಡೆಯುವುದು ಸಾಧ್ಯವೇ? ಎದುರಿಗೆ ಕೂರಿಸಿ ಉಣ್ಣಿಸುವ ಇದೇ ತತ್ವ ಎರಡು ವರ್ಷದ ಮಗುವಿಗೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ಆ ಮಗುವನ್ನು ಯಾರಾದರೂ ಎತ್ತಿಕೊಂಡು ಬರಬಹುದು.

ಅಷ್ಟು ಚಿಕ್ಕ ಮಗುವಿಗೆ ತುತ್ತು ಮಾಡಿ ತಿನ್ನಿಸಬೇಕು. ಸಮೀಕ್ಷೆ, ದಾಖಲೆ, ಮೊಬೈಲಿನ ಪೋಷಣ್ ಟ್ರ್ಯಾಕರ್ ಎಂದು ಈಗಲೇ ಬಸವಳಿದಿರುವ ಕಾರ್ಯಕರ್ತೆಯ ಮೇಲೆ ಈ ಹೊರೆಯನ್ನೂ ಹೇರಬಾರದು. ರಾಯಚೂರು, ಯಾದಗಿರಿ ಜಿಲ್ಲೆಗಳ ಅಂಗನವಾಡಿಗಳಿಗೆ ಮೊದಲು ಇನ್ನೊಬ್ಬ ಸಹಾಯಕಿಯನ್ನು ಪೂರ್ಣ ಗೌರವಧನ ಕೊಟ್ಟು ನೇಮಿಸಿ, ಅಲ್ಲಿಂದಲೇ ಎರಡು ತುಂಬಿದ ಮಕ್ಕಳ ಬಿಸಿಯೂಟವನ್ನು ಸರ್ಕಾರ ಆರಂಭಿಸಲಿ.