ಪಿಡಿಎಫ್‌ನ ಅಸಲು ಪ್ರತಿ ಎಲ್ಲಿ?

ಪುಣೆ ಹತ್ತಿರದ ಚಾಕಣದಲ್ಲಿರುವ ನಮ್ಮ ಕಾರ್ಖಾನೆಯ ಆಡಳಿತ ವಿಭಾಗಕ್ಕೆ ಎರಡು ಹೊಸ ವಸ್ತುಗಳು ಬಂದಿವೆ. ಒಂದು, ‘ಇದು ಕಾಗದರಹಿತ ಕಚೇರಿ’ ಎಂಬ ಫಲಕ. ಇನ್ನೊಂದು, ಕಾಗದಗಳನ್ನಿಡಲು ಆರಡಿ ಎತ್ತರದ ಉಕ್ಕಿನ ಕಪಾಟು. ಎರಡಕ್ಕೂ ಒಂದೇ ದಿನ ತೆಂಗಿನಕಾಯಿ ಒಡೆದೆವು.

ನಾನು ವಿಜಯಪುರದವನು. ಪುಣೆಗೆ ಬಂದಾಗ ನನ್ನ ಕೆಲಸದ ಪರವಾನಗಿ ಎಂದರೆ ಸೋದರಮಾವ ಬರೆದುಕೊಟ್ಟ ಗೇಣುದ್ದದ ಚೀಟಿ: ‘ಹುಡುಗ ನಮ್ಮವನು, ಇಟ್ಟುಕೊಳ್ಳಿ.’ ಇಟ್ಟುಕೊಂಡರು. ಈಗ ನಾನು ಹೊರದೇಶದ ಎಂಜಿನಿಯರ್‌ಗಳನ್ನು ‘ಇಟ್ಟುಕೊಳ್ಳಲು’ ಬೇಕಾದ ಚೀಟಿಗಳನ್ನು ಅಂತರ್ಜಾಲಕ್ಕೆ ಏರಿಸುವ ಅಧಿಕಾರಿ.

ದೆಹಲಿಯಿಂದ ನೋಡಿದರೆ ವಿಷಯ ಬಹಳ ಸರಳ. ವಿದೇಶಿಯರ ನೋಂದಣಿ 2018ರಲ್ಲೇ ಇ-ಎಫ್‌ಆರ್‌ಆರ್‌ಒ ಎಂಬ ಸರ್ಕಾರಿ ಜಾಲತಾಣಕ್ಕೆ ಹತ್ತಿದೆ. 180 ದಿನಗಳಿಗಿಂತ ಹೆಚ್ಚಿನ ಉದ್ಯೋಗ ವೀಸಾ ಹಿಡಿದು ಬಂದವರು 14 ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. 1920, 1939, 1946 ಮತ್ತು 2000ರ ನಾಲ್ಕು ಕಾಯ್ದೆಗಳನ್ನು ಮಡಚಿಟ್ಟು, 2025ರ ಸೆಪ್ಟೆಂಬರ್ 1ರಿಂದ ಒಂದೇ ಕಾಯ್ದೆ ತಂದಿದ್ದಾರೆ. ನಾಲ್ಕು ಒಂದಾಗುವುದು ದೆಹಲಿಯಲ್ಲಿ. ಚಾಕಣಕ್ಕೆ ಬರುವಷ್ಟರಲ್ಲಿ ಒಂದು ನಾಲ್ಕಾಗುತ್ತದೆ. ನಿರ್ದೇಶಕರಿಗೆ ಒಂದು ಪ್ರತಿ, ಲೆಕ್ಕಪತ್ರದವರಿಗೆ ಒಂದು, ಕಪಾಟಿಗೆ ಒಂದು, ‘ಇರಲಿ’ ಎಂದು ಇನ್ನೊಂದು. ಈ ‘ಇರಲಿ’ ಪ್ರತಿಗಳೇ ಕಪಾಟಿನ ಮೂರು ಅಂತಸ್ತುಗಳನ್ನು ಆಕ್ರಮಿಸಿವೆ.

ಈಚೆಗೆ ಜಪಾನಿನಿಂದ, ಲೋಹದ ಹಾಳೆಗೆ ಆಕಾರ ಕೊಡುವ ಅಚ್ಚುಗಳ ತಜ್ಞರೊಬ್ಬರು ಬರುವವರಿದ್ದರು. ವೀಸಾ ಅರ್ಜಿ ತುಂಬುವಾಗ ‘ಎದ್ದುಕಾಣುವ ಗುರುತು’ ಎಂಬಲ್ಲಿ ನಿಂತುಬಿಟ್ಟು ನನಗೆ ವಿಡಿಯೊ ಕರೆ ಮಾಡಿದರು. ನನಗೆ ಮೈ ಜುಮ್ಮೆಂದಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂಡುವ ಮುನ್ನ ನಮ್ಮ ಹೆಡ್‌ಮಾಸ್ತರರು ಇಡೀ ತರಗತಿಯ ಅಂಗಿತೋಳು ಮೇಲೇರಿಸಿ ಮಚ್ಚೆ ಹುಡುಕಿದ್ದರು. ಸಿಗದವರಿಗೆ ‘ಎಡ ಮೊಣಕಾಲಿನ ಮೇಲೆ ಗಾಯದ ಕಲೆ’ ಎಂದು ದಾನ ಮಾಡಿದ್ದರು. ಅದೇ ಅಧಿಕಾರದಿಂದ ಆ ತಜ್ಞರ ಕೆನ್ನೆಯನ್ನು ಪರದೆಗೆ ಹತ್ತಿರ ತರಿಸಿ ಪರೀಕ್ಷಿಸಿದೆ. ಒಂದು ಮಚ್ಚೆ ಸಿಕ್ಕಿತು. ನನ್ನ ಪರದೆಯ ಮೇಲಿನ ಧೂಳೂ ಆಗಿರಬಹುದು.

ಅಷ್ಟರಲ್ಲಿ ನಿರ್ದೇಶಕರು ನಿಯಮಾವಳಿ ಓದಿದರು. ಅವರು ಓದಿದರೆಂದರೆ ನಮಗೆಲ್ಲ ಕೆಲಸ ಹೆಚ್ಚಾಯಿತೆಂದೇ ಅರ್ಥ. ಉದ್ಯೋಗ ವೀಸಾಕ್ಕೆ ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂಪಾಯಿ ಸಂಬಳ ಇರಬೇಕು. ಆದರೆ ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರಿಗೂ ಅನುವಾದಕರಿಗೂ ವಿನಾಯಿತಿ ಇದೆ. ನಿರ್ದೇಶಕರ ಬೆರಳು ‘ಬಾಣಸಿಗ’ ಎಂಬ ಪದದ ಮೇಲೆ ನಿಂತಿತು.

“ಇವರಿಗೆ ಅಡುಗೆ ಬರುತ್ತದೆಯೇ?”

“ಕಪ್ಪಿನಲ್ಲಿರುವ ನೂಡಲ್ಸ್‌ಗೆ ಬಿಸಿನೀರು ಹಾಕುತ್ತಾರೆ.”

“ಜಪಾನಿನಲ್ಲಿ ಅದು ಅಡುಗೆಯೇ ತಾನೆ?”

ಕಂಪನಿಯೇ ಎಲ್ಲಕ್ಕೂ ಹೊಣೆ ಎಂಬ ಮುಚ್ಚಳಿಕೆ ಪತ್ರವನ್ನು, ಕೆಳಗೆ ಅವರದೇ ಸಹಿ ಬೀಳಬೇಕಾದ ಜಾಗವನ್ನು, ಅವರ ಮುಂದಿಟ್ಟೆ. ಪಾಕಶಾಸ್ತ್ರ ಅಲ್ಲಿಗೇ ಮುಗಿಯಿತು.

ಅದೇ ನಿಯಮಾವಳಿಯ ಇನ್ನೊಂದು ಸಾಲನ್ನು ಅವರು ಗಮನಿಸಲಿಲ್ಲ. ಗುಮಾಸ್ತಿಕೆಯಂಥ ದಿನನಿತ್ಯದ ಕೆಲಸಕ್ಕೆ ವಿದೇಶಿಯರಿಗೆ ಉದ್ಯೋಗ ವೀಸಾ ಕೊಡುವಂತಿಲ್ಲ. ಎಷ್ಟು ಒಳ್ಳೆಯ ನಿಯಮ! ಲೋಹದ ಹಾಳೆ ಯಾವ ಮೂಲೆಯಲ್ಲಿ ಸುಕ್ಕುಗಟ್ಟುತ್ತದೆ ಎಂಬುದನ್ನು ಯಂತ್ರದ ಸದ್ದು ಕೇಳಿಯೇ ಹೇಳಬಲ್ಲ ಆ ಮನುಷ್ಯ, ಪುಣೆಗೆ ಬಂದು ಮೊದಲ ಹತ್ತು ದಿನ ಮಾಡಿದ್ದು ಇಷ್ಟು: ಮುದ್ರಿಸಿದ ಅರ್ಜಿಗೆ ಸಹಿ ಮಾಡುವುದು, ನಾನು ಮೊಹರು ಒತ್ತುವವರೆಗೆ ಕಾಗದ ಹಿಡಿದುಕೊಳ್ಳುವುದು, ಅದನ್ನು ಸ್ಕ್ಯಾನ್ ಮಾಡುವುದು, ಫೈಲಿಗೆ ‘ಅಂತಿಮ’, ‘ನಿಜವಾದ ಅಂತಿಮ’, ‘ಇದೇ ಅಂತಿಮ 3’ ಎಂದು ಹೆಸರಿಡುವುದು. ಮೂರನೆಯ ದಿನಕ್ಕೆ ಅವರು ಮೊಹರಿಗೆ ಶಾಯಿ ಎಷ್ಟಿದ್ದರೆ ಚೆನ್ನ ಎಂಬುದನ್ನೂ ಕಂಡುಹಿಡಿದರು. ನನಗಿಂತ ಒಳ್ಳೆಯ ಗುಮಾಸ್ತ.

ಮನೆಯ ಕಥೆ ಬೇರೆ. ವಿದೇಶಿಯರು ತಂಗಿದರೆ ಮಾಲೀಕರು 24 ಗಂಟೆಗಳೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಎಲ್ಲರ ಬಾಯಲ್ಲೂ ಅದು ‘ಸಿ ಫಾರ್ಮ್’. ಔಂಧ್‌ನ ಬಾಡಿಗೆ ಮನೆಯ ಮಾಲೀಕರ ಗೇಟಿನ ಮೇಲೆ ಅಪ್ಪಟ ಪುಣೇರಿ ಪಾಟಿ, ಅಂದರೆ ಪುಣೆಯವರ ಖಡಕ್ ಮಾತಿನ ಫಲಕ, ಇತ್ತು: ‘ಒಂದರಿಂದ ನಾಲ್ಕರವರೆಗೆ ಗಂಟೆ ಒತ್ತಬೇಡಿ. ಒತ್ತಿದರೂ ತೆರೆಯುವುದಿಲ್ಲ.’ ಹೀಗಾಗಿ ಕಾನೂನಿನ 24 ಗಂಟೆಗಳು ಪುಣೆಯಲ್ಲಿ 21.

ಆದರೆ ನಿಜವಾದ ಪರ್ವತ ಇದ್ದದ್ದು ನಮ್ಮ ಕಚೇರಿಯೊಳಗೇ. ಕಂಪನಿಯ ಸಕಲ ಲಾಗಿನ್‌ಗಳನ್ನು ಹಿಂದೆ ನನ್ನ ಜಾಗದಲ್ಲಿದ್ದ ಬೆಳಗಾವಿಯ ಗೆಳೆಯ ಸೃಷ್ಟಿಸಿದ್ದ. ಇಮೇಲ್ ಅವನದು, ಮೊಬೈಲ್ ಸಂಖ್ಯೆ ಅವನದು, ಗುಪ್ತಪದ ಅವನ ಮಗಳ ಹೆಸರು. ಅವನು ನೌಕರಿ ಬಿಟ್ಟು ತಳೇಗಾಂವ್‌ನ ಬೇರೊಂದು ಕಾರ್ಖಾನೆಗೆ ಹೋದ. ಮೇಜು, ಕುರ್ಚಿ, ಗುರುತಿನ ಚೀಟಿ, ಚಹಾದ ಕಪ್ಪು, ಎಲ್ಲವನ್ನೂ ಬರೆದುಕೊಂಡು ಮರಳಿ ಪಡೆದಿದ್ದೆವು. ಒಟಿಪಿ ಬರುವ ಸಂಖ್ಯೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹನ್ನೊಂದನೆಯ ದಿನ ಅವನಿಗೆ ಫೋನ್ ಮಾಡಿದೆ.

“ಒಟಿಪಿ ಬಂದಿದೆ. ಆರು ಅಂಕಿ,” ಎಂದ. “ನನ್ನ ಗ್ರಾಚ್ಯುಟಿ ಮಾತ್ರ ಬಂದಿಲ್ಲ. ಅದೂ ಆರು ಅಂಕಿಯೇ.”

ನಾನು ಊರು, ಮಳೆ, ಮಗಳ ಓದು ಎಲ್ಲ ವಿಚಾರಿಸಿದೆ. ಅಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿಯಿತು. ಇನ್ನೊಂದು ಕಳಿಸಿದೆ. ಅವನು ಮೊದಲ ಮೂರು ಅಂಕಿಗಳನ್ನು ಹೇಳಿ, ಉಳಿದವು ಬಾಕಿ ಚುಕ್ತಾ ಆದ ಮೇಲೆ ಎಂದ. ನಿರ್ದೇಶಕರ ಬಳಿ ಓಡಿದೆ. ಎರಡು ವರ್ಷ ‘ಪರಿಶೀಲನೆಯಲ್ಲಿ’ ಮಲಗಿದ್ದ ಗ್ರಾಚ್ಯುಟಿ ಕಡತ ಹದಿನೈದು ನಿಮಿಷಗಳಲ್ಲಿ ಎದ್ದು ಕುಳಿತು, ಸಹಿ ಹಾಕಿಸಿಕೊಂಡು ಬ್ಯಾಂಕಿಗೆ ನಡೆಯಿತು. ಡಿಜಿಟಲ್ ವ್ಯವಸ್ಥೆಯಿಂದ ಕಾರ್ಮಿಕರಿಗೆ ಲಾಭವಿಲ್ಲ ಎನ್ನುವವರು ಒಮ್ಮೆ ಬೆಳಗಾವಿಯ ಆ ಗೆಳೆಯನನ್ನು ಮಾತನಾಡಿಸಬೇಕು. ಆ ಲಾಗಿನ್‌ಗಳೆಲ್ಲ ಈಗ ಒಂದು ಸಾಮಾನ್ಯ ಕಚೇರಿ ಇಮೇಲ್‌ನಲ್ಲಿವೆ; ಸಂಖ್ಯೆ ಮಾತ್ರ ನನ್ನದು. ನಾನೂ ಮನುಷ್ಯನೇ. ನನಗೂ ಗ್ರಾಚ್ಯುಟಿ ಇದೆ.

ಹದಿಮೂರನೆಯ ದಿನ ನೋಂದಣಿ ಪತ್ರ ಇಮೇಲ್‌ನಲ್ಲಿ ಬಂತು. ಮುದ್ರಿಸಿ ಕೊಂಡೊಯ್ದೆ. ನಿರ್ದೇಶಕರು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂಬದಿ ನೋಡಿ, “ಇದು ಜೆರಾಕ್ಸ್. ಅಸಲು ಪ್ರತಿ ಎಲ್ಲಿ?” ಎಂದರು.

“ಅಸಲು ಪಿಡಿಎಫ್, ಸರ್. ಕಂಪ್ಯೂಟರಿನಲ್ಲಿದೆ.”

“ಹಾಗಾದರೆ ಕಂಪ್ಯೂಟರನ್ನೇ ಕಪಾಟಿನಲ್ಲಿಟ್ಟು ಬೀಗ ಹಾಕಿ.”

ಅವರ ನಿಲುವು ಬದಲಾದದ್ದು ಬ್ಯಾಂಕಾಕ್‌ಗೆ ಹೋಗಿ ಬಂದ ಮೇಲೆ. ಥಾಯ್ಲೆಂಡ್ 2025ರಲ್ಲಿ ವಿದೇಶಿ ನೌಕರರ ನೀಲಿ ಪುಸ್ತಕಕ್ಕೆ ವಿದಾಯ ಹೇಳಿ ಕ್ಯೂಆರ್ ಸಂಕೇತವಿರುವ ಡಿಜಿಟಲ್ ಪರವಾನಗಿ ತಂದಿದೆ ಎಂದು ಅಲ್ಲಿ ಯಾರೋ ಹೇಳಿದ್ದರು. ನಮ್ಮಲ್ಲೂ ಕ್ಯೂಆರ್ ಬೇಕು ಎಂದು ಆಜ್ಞೆಯಾಯಿತು. ನಮ್ಮ ಐಟಿ ಹುಡುಗ ಪ್ರತಿ ವಿದೇಶಿ ನೌಕರನಿಗೂ ಒಂದೊಂದು ಸಂಕೇತ ತಯಾರಿಸಿದ. ಸ್ಕ್ಯಾನ್ ಮಾಡಿದರೆ ವೀಸಾ, ನೋಂದಣಿ, ನವೀಕರಣದ ದಿನಾಂಕ ಎಲ್ಲ ತೆರೆದುಕೊಳ್ಳುತ್ತವೆ. ನಿಜ ಹೇಳಬೇಕೆಂದರೆ ಉಪಯುಕ್ತ ಕೆಲಸ. ಅವನ್ನೆಲ್ಲ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಕಪಾಟಿನ ಬಾಗಿಲಿಗೆ ಸಾಲಾಗಿ ಅಂಟಿಸಿದೆವು.

ಮೊನ್ನೆ ಲಕ್ಷ್ಮೀಪೂಜೆ. ಇಲ್ಲಿನ ಪದ್ಧತಿಯಂತೆ ಲೆಕ್ಕದ ವಹಿಗಳಿಗೆ ಪೂಜೆಯಾಗಬೇಕು. ಕಾಗದರಹಿತ ಕಚೇರಿಯಲ್ಲಿ ವಹಿ ಎಲ್ಲಿಂದ ತರುವುದು? ಭಟ್ಟರು ಸುತ್ತಲೂ ನೋಡಿ, ಕಪಾಟಿನ ಮುಂದೆ ನಿಂತು, ಭಕ್ತಿಯಿಂದ ಪ್ರತಿ ಕ್ಯೂಆರ್‌ನ ಮೂರು ಮೂಲೆಯ ಚೌಕಗಳಿಗೂ ಅರಿಸಿನ ಕುಂಕುಮ ಹಚ್ಚಿದರು. ಜಪಾನಿನ ತಜ್ಞರು ಕೈಮುಗಿದು ನಿಂತಿದ್ದರು.

ಮರುವಾರ ತಪಾಸಣೆಗೆ ಬಂದ ಲೆಕ್ಕಪರಿಶೋಧಕರು ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಓರೆಯಾಗಿ ಹಿಡಿದರು. ಏನೂ ತೆರೆಯಲಿಲ್ಲ.

“ಒರೆಸಿಬಿಡಲೇ?” ಎಂದೆ.

“ಪೂಜೆ ಮಾಡಿದ್ದನ್ನು ಒರೆಸುತ್ತಾರೆಯೇ?” ಎಂದು ನಿರ್ದೇಶಕರು ಗದರಿದರು. “ಆ ‘ಇರಲಿ’ ಪ್ರತಿ ತೆಗೆಯಿರಿ.”