ಅಮೀರ್‌ಬಾಯಿ ಬರೀ ಹಾಡಿದವರಲ್ಲ ಮಾರಾಯ್ರೇ

ನಿನ್ನೆ ಸಂಜೆ ವಿಜಯಪುರದ ಒಂದು ಮಂಗಲ ಕಾರ್ಯಾಲಯದಲ್ಲಿ ಕರೋಕೆ ಕಾರ್ಯಕ್ರಮ ಇತ್ತು. ಹಳೇ ಹಿಂದಿ ಹಾಡು ಅಂದರೆ ನಾನು ಒಲೆ ಆರಿಸಿ ಓಡುವವಳು, ನಿಮಗೆ ಗೊತ್ತೇ ಇದೆ. ಇಬ್ಬರು ಹುಡುಗಿಯರು 'ಗೋರೆ ಗೋರೆ' ಹಾಡಿದರು. ಚೆನ್ನಾಗಿಯೇ ಹಾಡಿದರು, ಸುಳ್ಳು ಹೇಳಬಾರದು. ಹಿಂದಿನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸಮಾಧಿ, 1950, ಲತಾ ಮಂಗೇಶ್ಕರ್' ಅಂತ ಬಂತು. ನಿರೂಪಕರೂ ಅಷ್ಟನ್ನೇ ಓದಿದರು.

ಹಾಡುತ್ತಿರುವವರು ಇಬ್ಬರು, ಹೆಸರು ಮಾತ್ರ ಒಂದೇ. ತುಂಬಿದ ಸಭೆಯಲ್ಲಿ ಒಬ್ಬರಿಗೂ ಲೆಕ್ಕ ತಪ್ಪಿದೆ ಅನ್ನಿಸಲಿಲ್ಲ.

ಆ ಇನ್ನೊಂದು ದನಿ ಅಮೀರ್‌ಬಾಯಿ ಕರ್ನಾಟಕಿಯವರದು. ಲತಾ ತೆಳ್ಳಗಿನ ದನಿಯಲ್ಲಿ ಛೇಡಿಸಿದರೆ ಅದಕ್ಕೆ ಸ್ವಲ್ಪ ದಪ್ಪ ದನಿಯಲ್ಲಿ ಉತ್ತರ ಕೊಡುತ್ತಾರಲ್ಲ, ಅವರೇ. ಬೀಳಗಿಯ ಮಗಳು. ಇಲ್ಲಿಂದ ಬಸ್ಸು ಹತ್ತಿದರೆ ಹೋಗಿ ಬರಬಹುದಾದ ಊರು. ಮುಂಬೈಯವರು ಮರೆತರೆ ಮರೆಯಲಿ ಬಿಡಿ, ಇದು ವಿಜಯಪುರ ಅಲ್ವಾ? ಆಟೋದವರಿಗೆ "ಅಮೀರ್ ಟಾಕೀಸ್ ಹತ್ರ ನಿಲ್ಲಸ್ರಿ" ಅಂತ ಹೇಳಿ ಬೆಳೆದವರು ನಾವು. ಆ ಟಾಕೀಸು ಯಾರ ಹೆಸರಿನದು ಅಂತ ಒಂದು ದಿನವಾದರೂ ಕೇಳಿದ್ದೀವಾ?

ಕಾರ್ಯಕ್ರಮ ಮುಗಿದ ಮೇಲೆ ಸಂಘಟಕರ ಹತ್ತಿರ ಹೋಗಿ ಹೇಳಿದೆ. ಒಳ್ಳೆಯ ಮನುಷ್ಯ, ನಕ್ಕರು. "ಹೌದ್ರಿ ಮೇಡಂ, ಬಿಟ್ಟು ಹೋಗ್ಯಾದ. ಆದ್ರ ಅವ್ರು ಹಿಂದ ನಿಂತು ಹಾಡಿದವ್ರು ನೋಡ್ರಿ. ಸಿನಿಮಾದಾಗ ಅವ್ರು ಎಲ್ಲಿ ಕಾಣಸ್ತಾರ?"

ಹೆಸರು ಬಿಟ್ಟಿದ್ದಕ್ಕಿಂತ ಈ ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು.

ಅಲ್ರೀ, ಅವರು ಸಿನಿಮಾಕ್ಕೆ ಬಂದದ್ದೇ ನಟಿಯಾಗಿ! 1934ರಲ್ಲಿ 'ವಿಷ್ಣು ಭಕ್ತಿ' ಅನ್ನೋ ಚಿತ್ರದಲ್ಲಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದೂ ಅದೇ ವರ್ಷ. ಕನ್ನಡ ಸಿನಿಮಾ ಬಾಯಿಬಿಡುವ ಹೊತ್ತಿಗೆ ನಮ್ಮ ಬೀಳಗಿಯ ಹೆಣ್ಣುಮಗಳು ಹಿಂದಿ ಪರದೆಯ ಮೇಲೆ ಇದ್ದರು.

ಆಗಿನ ನಟನೆ ಅಂದರೆ ಏನು ಅಂತ ಒಮ್ಮೆ ಯೋಚಿಸಿ. ಈಗಿನ ಹಾಗೆ ಸ್ಟುಡಿಯೋದಲ್ಲಿ ಹಾಡಿಟ್ಟು, ಆಮೇಲೆ ಕ್ಯಾಮೆರಾ ಮುಂದೆ ಬಾಯಿ ಆಡಿಸುವುದಲ್ಲ. ಕ್ಯಾಮೆರಾ ಓಡುವಾಗಲೇ ಹಾಡಬೇಕು. ಮೈಕು ಕಾಣದ ಹಾಗೆ ಎಲ್ಲೋ ಇರುತ್ತದೆ, ಅದರಿಂದ ದೂರ ಸರಿಯುವಂತಿಲ್ಲ. ವಾದ್ಯದವರು ಚೌಕಟ್ಟಿನ ಆಚೆ ಕೂತು ನುಡಿಸುತ್ತಿರುತ್ತಾರೆ. ಹಾಡುವವಳ ಕಣ್ಣಲ್ಲಿ ವಿರಹ ಇರಬೇಕು, ಕಿವಿ ಮಾತ್ರ ತಬಲಾದ ಕಡೆ. ಶ್ರುತಿ ತಪ್ಪಿದರೂ ಮತ್ತೆ ಮೊದಲಿಂದ, ಯಾರೋ ಕೆಮ್ಮಿದರೂ ಮತ್ತೆ ಮೊದಲಿಂದ. ಇದನ್ನು ಮಾಡಿದವರನ್ನು 'ಬರೀ ಗಾಯಕಿ' ಅಂದರೆ ಹೇಗೆ?

1935ರಲ್ಲಿ ಕಲ್ಕತ್ತಾದ ನ್ಯೂ ಥಿಯೇಟರ್ಸ್‌ನವರ 'ಧೂಪ್ ಛಾಂವ್' ಬಂತು. ಹಿಂದಿಯಲ್ಲಿ ಹಿನ್ನೆಲೆ ಗಾಯನ ಶುರುವಾದದ್ದು ಅಲ್ಲಿಂದ ಅಂತ ಹೇಳುತ್ತಾರೆ. ಅಮೀರ್‌ಬಾಯಿ ಬಂದ ಮರುವರ್ಷವೇ! ಮುಖ ಒಬ್ಬರದು, ದನಿ ಇನ್ನೊಬ್ಬರದು ಅನ್ನುವ ಪದ್ಧತಿ ಒಂದೇ ದಿನದಲ್ಲಿ ಬರಲಿಲ್ಲ ನಿಜ. ಆದರೆ ಬಂದ ಮೇಲೆ ಇವರ ಹಣೆಬರಹವನ್ನೇ ತಿರುಗಿಸಿತು.

1943ರ 'ಕಿಸ್ಮತ್' ನೋಡಿ. ಬಾಂಬೆ ಟಾಕೀಸ್, ಅನಿಲ್ ಬಿಸ್ವಾಸ್ ಸಂಗೀತ. ಕಲ್ಕತ್ತಾದ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿದ ಚಿತ್ರ. ಅದರಲ್ಲಿ ನಾಯಕಿ ಕಾಲು ಸ್ವಾಧೀನ ಇಲ್ಲದ ಹಾಡುಗಾರ್ತಿ. ಅಂದರೆ ಆ ಪಾತ್ರದ ಜೀವ ಇರುವುದೇ ಗಂಟಲಲ್ಲಿ. ಪರದೆ ಮೇಲೆ ಮುಮ್ತಾಜ್ ಶಾಂತಿ, ಗಂಟಲು ಅಮೀರ್‌ಬಾಯಿಯದು. 'ಧೀರೆ ಧೀರೆ ಆ ರೇ ಬಾದಲ್' ಕೇಳಿ, ಕಣ್ಣು ಮುಚ್ಚಿಕೊಂಡು ಕೇಳಿ. ಮಲಗಿದವರು ಎಚ್ಚರಾಗಬಾರದು ಅಂತ ಮೋಡಕ್ಕೆ ಮೆಲ್ಲಗೆ ಬಾ ಅನ್ನುವ ಹಾಡು ಅದು. ದನಿ ಎಲ್ಲೂ ಏರುವುದಿಲ್ಲ, ಪಕ್ಕದಲ್ಲಿ ನಿಜಕ್ಕೂ ಯಾರೋ ನಿದ್ದೆ ಮಾಡುತ್ತಿದ್ದಾರೆ ಅನ್ನುವ ಹಾಗೆ ಹಾಡಿದ್ದಾರೆ. ಇದು ನಟನೆ ಅಲ್ಲದೆ ಮತ್ತೇನು? ಮುಂದಿನ ವರ್ಷ 'ರತನ್' ಬಂತು, ಅಲ್ಲೂ ಅವರ ಹಾಡುಗಳು. ಆ ಕಾಲದಲ್ಲಿ ಬೇರೆಯವರಿಗೆ ಒಂದು ಹಾಡಿಗೆ 500 ರೂಪಾಯಿ ಸಿಕ್ಕರೆ ಇವರು 1000 ತೆಗೆದುಕೊಳ್ಳುತ್ತಿದ್ದರು ಅಂತ 'ಫಿಲ್ಮ್ ಇಂಡಿಯಾ' ಪತ್ರಿಕೆ ಬರೆದಿತ್ತಂತೆ.

ಆಮೇಲೆ ಲತಾ ಬಂದರು. 1949ರ ಹೊತ್ತಿಗೆ ಎಲ್ಲೆಲ್ಲೂ ಅವರದೇ ದನಿ. ಇದರಲ್ಲಿ ಲತಾ ಅವರ ತಪ್ಪೇನೂ ಇಲ್ಲ, ಕಾಮೆಂಟಿನಲ್ಲಿ ನನ್ನ ಮೇಲೆ ಬೀಳಬೇಡಿ. ಕಾಲ ತೆಳು ದನಿ ಕೇಳಿತು, ಕೊಟ್ಟರು. ಆಗ ಅಮೀರ್‌ಬಾಯಿ ಏನು ಮಾಡಿದರು? ಮನೆಗೆ ಬಂದು ಕೂತರಾ? ಇಲ್ಲ. ಮತ್ತೆ ಕ್ಯಾಮೆರಾ ಮುಂದೆ ಹೋಗಿ ನಿಂತರು. ಈ ಸಲ ನಾಯಕಿಯಾಗಿ ಅಲ್ಲ, ಪೋಷಕ ಪಾತ್ರಗಳಲ್ಲಿ. ಒಂದು ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ದುಡ್ಡು ಎಣಿಸಿಕೊಂಡ ಹೆಂಗಸು ಚಿಕ್ಕ ಪಾತ್ರಕ್ಕೆ ಬಣ್ಣ ಹಚ್ಚಿಕೊಂಡರಲ್ಲ, ಅದಕ್ಕೆ ಎಷ್ಟು ಗಟ್ಟಿ ಗುಂಡಿಗೆ ಬೇಕು! ಶುರುವಾದದ್ದು ನಟನೆಯಿಂದ, ಕೊನೆಯಾದದ್ದೂ ನಟನೆಯಲ್ಲಿ. ನಡುವಿನ ಕೆಲವು ವರ್ಷ ಹಿಡಿದುಕೊಂಡು ನಾವು 'ಹಿಂದೆ ನಿಂತು ಹಾಡಿದವರು' ಅನ್ನುತ್ತೇವೆ.

ಒಬ್ಬ ಗೆಳೆಯ ಬೆಳಿಗ್ಗೆ ಫೋನಿನಲ್ಲಿ ವಾದ ಮಾಡಿದ. "ನಟಿಯಾಗಿ ಅವರೇನು ದೊಡ್ಡ ಹೆಸರು ಮಾಡಲಿಲ್ಲವಲ್ಲ. ಜನ ನೆನಪಿಡುವುದು ಗೆದ್ದದ್ದನ್ನೇ." ಸರಿಯಪ್ಪ. ಹಾಗಾದರೆ ರಾಜಕುಮಾರ್ ಅವರು 1959ರಲ್ಲೇ 'ಮಹಿಷಾಸುರ ಮರ್ದಿನಿ'ಯಲ್ಲಿ ಹಾಡಿದ್ದರು ಅಂತ ರಸಪ್ರಶ್ನೆಯಲ್ಲಿ ಎದೆಯುಬ್ಬಿಸಿ ಉತ್ತರ ಹೇಳುತ್ತೀಯಲ್ಲ, ಅದು ಯಾಕೆ? ಗಾಯಕರಾಗಿ ಅವರು ಗೆದ್ದದ್ದು 1974ರ 'ಸಂಪತ್ತಿಗೆ ಸವಾಲ್' ಆದಮೇಲೆ. ಆದರೂ ಮೊದಲಿನದನ್ನು ಬಿಡುವುದಿಲ್ಲ, ಬಿಡಲೂಬಾರದು. ನಟ ಹಾಡಿದರೆ ಅದು ಸಾಧನೆ, ಗಾಯಕಿ ನಟಿಸಿದರೆ ಅದು ಲೆಕ್ಕಕ್ಕಿಲ್ಲ. ಇದು ಯಾವೂರ ನ್ಯಾಯ?

ಇನ್ನು ಕೆಲವರು ಅಮೀರ್‌ಬಾಯಿ ಅಂದ ಕೂಡಲೇ ಮೊದಲ ಗಂಡನ ಹಿಂಸೆಯ ಕಥೆ ಶುರು ಮಾಡುತ್ತಾರೆ. ಇಲ್ಲವೇ ಅಕ್ಕ ಗೋಹರ್‌ಬಾಯಿ ಮತ್ತು ಮರಾಠಿ ರಂಗಭೂಮಿಯ ಹೆಸರಾಂತ ನಟ ಬಾಲಗಂಧರ್ವರ ವಿಷಯ. ಕಣ್ಣೀರೂ ಬೇಕು, ಗುಸುಗುಸುವೂ ಬೇಕು, ಕೆಲಸದ ಮಾತು ಮಾತ್ರ ಬೇಡ. ರಹಮತ್ ತರೀಕೆರೆಯವರು ಕಷ್ಟಪಟ್ಟು ಇವರ ಮೇಲೆ ಕನ್ನಡದಲ್ಲೇ ಒಂದು ಪುಸ್ತಕ ಬರೆದಿದ್ದಾರೆ. ಭಾಷಣ ಮಾಡುವವರು ಅದನ್ನಾದರೂ ತಿರುವಿ ಹಾಕಿ ವೇದಿಕೆ ಹತ್ತಬಹುದಿತ್ತು.

ನಮ್ಮ ಮನೆಯನ್ನೂ ಬಿಟ್ಟು ಹೇಳುವುದಿಲ್ಲ. ನಮ್ಮಜ್ಜಿ ಸಿನಿಮಾ ಹೆಂಗಸರ ಹೆಸರೆತ್ತಿದರೆ ಮೂಗು ಮುರಿಯುವವರು. ಅದೇ ಅಜ್ಜಿ 'ವೈಷ್ಣವ ಜನ ತೋ' ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೈಮುಗಿಯುತ್ತಿದ್ದರು. 1940ರ 'ನರಸೀ ಭಗತ್' ಚಿತ್ರದಲ್ಲಿ ಅದನ್ನು ಹಾಡಿದ್ದು ಇದೇ ಅಮೀರ್‌ಬಾಯಿ ಅಂತ ಒಮ್ಮೆ ಹೇಳಿದೆ. ಅಜ್ಜಿ ನನ್ನ ಮುಖ ನೋಡಿ, "ಹಾಡ್ಲಿ ಬಿಡು, ಕುಣಿಯೂದು ಯಾಕ ಬೇಕಿತ್ತು?" ಅಂದರು. ನಾನು ಶಾಲೆಯ ನಾಟಕಕ್ಕೆ ಹೆಸರು ಕೊಟ್ಟು ವಾಪಸ್ ತೆಗೆಸಿದ್ದೂ ಇದೇ ಮಾತಿಗೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ನಿನ್ನೆ ಸಂಘಟಕರ ಮೇಲೆ ಬಿದ್ದದ್ದರಲ್ಲಿ ಅದರ ಪಾಲೂ ಸ್ವಲ್ಪ ಇರಬೇಕು.

"ಕನ್ನಡಕ್ಕೆ ಏನು ಕೊಟ್ಟರು?" ಅಂತ ಕೇಳುವವರೂ ಇದ್ದಾರೆ. ಅವರಿಗೆ ಒಂದೇ ಮಾತು. ಈ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಇವರು ತೀರಿಕೊಂಡದ್ದು 1965ರಲ್ಲಿ. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದಾಗಲೇ ಮುಂಬೈಯಲ್ಲಿ ನಿಂತು ಕರ್ನಾಟಕಿ ಅಂತ ಹೆಸರು ಹಾಕಿಸಿಕೊಂಡವರ ಹತ್ತಿರ ರಸೀದಿ ಕೇಳಬೇಡಿ. ಇನ್ನು ಬೀಳಗಿ ಈಗ ಬಾಗಲಕೋಟೆ ಜಿಲ್ಲೆ, ಅವರು ನಮ್ಮವರು ಅಂತ ಆ ಕಡೆಯವರು, ಟಾಕೀಸು ಇಲ್ಲಿದೆ ಅಂತ ಈ ಕಡೆಯವರು ದಯವಿಟ್ಟು ಕಿತ್ತಾಡಬೇಡಿ. 1997ರ ತನಕ ಎಲ್ಲಾ ಒಂದೇ ಜಿಲ್ಲೆ.

ಅವರು ತೀರಿಕೊಂಡ ದಿನ ಮಾರ್ಚ್ 3. 'ಸತಿ ಸುಲೋಚನ' ಬಿಡುಗಡೆಯಾದದ್ದೂ ಮಾರ್ಚ್ 3, ಅದಕ್ಕೇ ಆ ದಿನವನ್ನು ವಿಶ್ವ ಕನ್ನಡ ಸಿನಿಮಾ ದಿನ ಅನ್ನುತ್ತೇವೆ. ಬರುವ ಮಾರ್ಚ್ 3ಕ್ಕೆ ವಿಜಯಪುರದಲ್ಲಿ ಯಾರಾದರೂ ಏನಾದರೂ ಮಾಡುವುದಾದರೆ ಹಾರ, ಶಾಲು, ಭಾಷಣ ಬೇಡ. ಅವರು ಪರದೆ ಮೇಲೆ ಕಾಣುವ ಒಂದು ಸಿನಿಮಾ ಹುಡುಕಿ ತೋರಿಸಿ. ಪ್ರೊಜೆಕ್ಟರ್ ಬಾಡಿಗೆ ನಂದು. ಕುರ್ಚಿ ಯಾರ ಖರ್ಚು ಅಂತ ನೀವು ಹೇಳಿ.